ಕೈಕೊಂಡ ಕಾರ್ಯವನ್ನು ಕಡೆಮುಟ್ಟಿಸುವ ವಿದ್ಯೆ

(ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಝಳಕಿಯಲ್ಲಿ ಕೂಡಿದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಇಂಜಿನಿಯರಿಂಗ್ ಓದುವ ಮಕ್ಕಳು ಮುಂದಾಳುತನವನ್ನೂ ಯೋಜನೆಗಳ ನಿರ್ವಾಹವನ್ನೂ ಕಲಿಯುವ ಬಗೆ ಹೇಗೆಂಬದು ಇಂದು ನನಗೆ ಗೊತ್ತುಮಾಡಿಕೊಟ್ಟ ವಿಷಯ. ಪಾಠಶಾಲೆಯಲ್ಲಿ ವ್ಯಾಕರಣ-ತರ್ಕಗಳನ್ನು ಓದಿ ಕೂದಲು ನರೆಸಿಕೊಂಡ ನನ್ನಂಥವನಿಗೆ ಉಕ್ಕು, ಸಿಮೆಂಟು, ವಿದ್ಯುತ್ತುಗಳ ಈ ಶಾಸ್ತ್ರದಲ್ಲಿ ಏನು ಅಧಿಕಾರವೆಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಯಂತ್ರದ ಭಾಗವನ್ನು ಹೇಳುವದಕ್ಕೆ ನಾನು ನಿಂತಿಲ್ಲ. ಆದರೆ ಹತ್ತು ಜನರು ಕೂಡಿ ಒಂದು ಕೆಲಸವನ್ನು ಹೇಗೆ ಹಿಡಿಯಬೇಕು, ಹೇಗೆ ಮುಗಿಸಬೇಕು ಎಂಬ ಪ್ರಶ್ನೆಯು ಮನುಷ್ಯರ ಪ್ರಶ್ನೆಯಾಗಿರುವದು. ಜಾತ್ರೆ, ದಾಸೋಹ, ಪ್ರಸಾದನಿಲಯಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಮಠಗಳ ಜನಕ್ಕೆ ಅದು ಅಪರಿಚಿತವಾದದ್ದಲ್ಲ.

ಮೊದಲು ಈ ಮಾತಿನ ಅವಶ್ಯಕತೆ ಯಾತಕ್ಕೆ ಬಂದಿತೆಂಬದನ್ನು ಹೇಳಬೇಕು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಈ ನಮ್ಮ ಊರು, ಸುತ್ತಲಿನ ಇಂಡಿ, ಸಿಂದಗಿ ಸೀಮೆ, ಎಲ್ಲವೂ ಬಿಳಿಜೋಳದ ಎರೆಹೊಲಗಳ, ಲಿಂಬೆಯ ತೋಟಗಳ ನಾಡು. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ನಾಡಿನ ಒಕ್ಕಲು ಮಕ್ಕಳು ಈಗ ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ಹುಬ್ಬಳ್ಳಿ, ಬೆಂಗಳೂರುಗಳಿಗೆ ಹೋಗಿ ಇಂಜಿನಿಯರಿಂಗ್ ಓದುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಆ ಶುಲ್ಕದ ಹಿಂದೆ ಒಂದು ಎಕರೆ ಹೊಲವೋ ತಾಯಿಯ ಕೊರಳಿನ ಬಂಗಾರವೋ ಇರುತ್ತದೆ. ಮಗನು ಪದವಿ ಪಡೆದು ಬರುತ್ತಾನೆ, ಮಗಳು ಅಂಕಪಟ್ಟಿ ತರುತ್ತಾಳೆ. ಆದರೆ ಕೆಲಸಕ್ಕೆ ಕರೆಯುವವರು ಕೇಳುವ ಪ್ರಶ್ನೆ ಬೇರೆಯಾಗಿರುತ್ತದೆ: “ನೀನು ನಾಲ್ಕು ಜನರೊಡನೆ ಕೂಡಿ ಯಾವ ಕೆಲಸ ಮುಗಿಸಿದ್ದೀ? ಅದರಲ್ಲಿ ನಿನ್ನ ಪಾಲು ಯಾವದು? ಅಡ್ಡಿ ಬಂದಾಗ ಏನು ಮಾಡಿದೆ?” ಈ ಪ್ರಶ್ನೆಗೆ ನಮ್ಮ ಮಕ್ಕಳಲ್ಲಿ ಅನೇಕರು ತಲೆ ತಗ್ಗಿಸಿ ನಿಲ್ಲುತ್ತಾರೆ. ಹೊಲ ಮಾರಿ ತಂದ ವಿದ್ಯೆಯು ಇಂಥ ಒಂದು ಮೌನದಲ್ಲಿ ವ್ಯರ್ಥವಾಗಬಾರದು. ಇದೇ ನನ್ನ ಉಪನ್ಯಾಸದ ಪ್ರಯೋಜನ.

ಇನ್ನು ಲಕ್ಷಣ. ಯೋಜನೆ ಎಂದರೇನು? ಕರ್ಮಗಳನ್ನು ನಿತ್ಯ, ನೈಮಿತ್ತಿಕ ಎಂದು ವಿಭಾಗಿಸುವ ಕ್ರಮವನ್ನು ನೀವೆಲ್ಲರೂ ಕೇಳಿದ್ದೀರಿ. ದಿನದಿನದ ಪೂಜೆ ನಿತ್ಯ. ಒಂದು ನಿಮಿತ್ತ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ. ಪ್ರತಿದಿನದ ದಾಸೋಹವು ನಿತ್ಯವಾದರೆ ಈ ಮಹೋತ್ಸವವು ನೈಮಿತ್ತಿಕ. ಇಂಜಿನಿಯರರು ಯೋಜನೆ ಎಂದು ಕರೆಯುವದು ಇಂಥ ನೈಮಿತ್ತಿಕವನ್ನೇ. ಅದಕ್ಕೆ ಒಂದು ಆರಂಭವಿರುತ್ತದೆ, ಒಂದು ಅಂತ್ಯವಿರುತ್ತದೆ. ಇಂಥದ್ದನ್ನು ಸಾಧಿಸಬೇಕೆಂಬ ಉದ್ದೇಶ, ಇಷ್ಟರೊಳಗೆ ಎಂಬ ಕಾಲ, ಇಷ್ಟರಲ್ಲಿ ಎಂಬ ದ್ರವ್ಯ, ಇಂಥವರಿಂದ ಎಂಬ ಜನ, ಈ ನಾಲ್ಕು ಎಲ್ಲೆಗಳೊಳಗೆ ಅದು ನಡೆಯಬೇಕು. ಒಂದನ್ನು ಹಿಗ್ಗಿಸಿದರೆ ಮತ್ತೊಂದು ಜಗ್ಗುವದು. ಹಂದರದ ಅಗಲವನ್ನು ಹಿಂದಿನ ದಿನ ಹೆಚ್ಚಿಸಿರೆಂದರೆ ಹಣವಾದರೂ ಹೆಚ್ಚಬೇಕು, ಆಳುಗಳಾದರೂ ಹೆಚ್ಚಬೇಕು. ಎರಡೂ ಹೆಚ್ಚದೆ ಹೋದರೆ ಉತ್ಸವದ ದಿನ ಹಂದರ ಅರ್ಧವಾಗಿ ನಿಲ್ಲುವದು. ಇಷ್ಟನ್ನು ತಿಳಿದು ನಾಲ್ಕು ಎಲ್ಲೆಗಳನ್ನೂ ತೂಗಿಸಿಕೊಂಡು ಹೋಗುವದೇ ನಿರ್ವಾಹ. ಆ ಹಾದಿಯಲ್ಲಿ ಜನರ ಮನಸ್ಸನ್ನು ಒಂದುಗೂಡಿಸಿ ಇಟ್ಟುಕೊಳ್ಳುವದೇ ಮುಂದಾಳುತನ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಮುಂದಾಳುತನವು ಹುಟ್ಟಿನಿಂದ ಬರತಕ್ಕ ಗುಣ, ಅದು ಕಲಿತರೆ ಬರುವಂಥದಲ್ಲ. ಅದು ಪಟ್ಟಣದಲ್ಲಿ ಬೆಳೆದು ಇಂಗ್ಲಿಷ್ ಮಾತಾಡುವವರಿಗೆ ಒಪ್ಪುವದೇ ಹೊರತು ಹಳ್ಳಿಯ ಹುಡುಗರಿಗೆ ಅಲ್ಲ, ಎಂದು ಅನೇಕರು ನಂಬಿರುತ್ತಾರೆ. ಇದಕ್ಕೆ ಸಮಾಧಾನವನ್ನು ನಮ್ಮ ಜಿಲ್ಲೆಯಿಂದಲೇ ಹೇಳುತ್ತೇನೆ.

ವಿಜಯಪುರದಲ್ಲಿ 1980ರಲ್ಲಿ ಆರಂಭವಾದ ಇಂಜಿನಿಯರಿಂಗ್ ಮಹಾವಿದ್ಯಾಲಯವು ವಚನಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಹೆಸರನ್ನು ಹೊತ್ತಿರುತ್ತದೆ. ಅವರು ಇಂಜಿನಿಯರರಲ್ಲ, ವಕೀಲರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಆಗಿನ ಬಿಜಾಪುರಕ್ಕೆ ಬಂದು ವಕೀಲಿ ಮಾಡಿದವರು. ಆದರೂ ಆ ಹೆಸರು ಅಲ್ಲಿ ಎಷ್ಟು ಸಾರ್ಥಕವಾಗಿದೆಯೆಂಬದನ್ನು ವಿಚಾರಿಸಿರಿ. 1910ರಲ್ಲಿ ಅವರು ಬಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಸ್ಥಾಪಿಸಿದರು. ಮನೆಮನೆಗಳಲ್ಲಿ, ಮಠಗಳ ಜಗಲಿಗಳಲ್ಲಿ ಚದುರಿಹೋಗಿದ್ದ ತಾಡೋಲೆಗಳನ್ನು ಹುಡುಕಿ, ಕೂಡಿಸಿ, ಪ್ರತಿಮಾಡಿ, ಪಾಠಗಳನ್ನು ಹೋಲಿಸಿ, ಪುಸ್ತಕಕ್ಕೆ ಅಣಿಮಾಡಿದರು. ಒಂದು ಮುದ್ರಣಾಲಯವು ಹಸ್ತಪ್ರತಿಯನ್ನು ಹಿಂದಿರುಗಿಸಲು ಎದೆಗುಂದದೆ ಬೆಳಗಾವಿಯಲ್ಲಿ ಅಚ್ಚುಹಾಕಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಪರರ ಅಚ್ಚುಕೂಟವನ್ನು ನೆಚ್ಚಿದರೆ ಕಾರ್ಯ ಸಾಗದೆಂಬದನ್ನು ಕಂಡು ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು.

ಇದೊಂದು ಭಕ್ತಿಯ ಕಥೆ ಮಾತ್ರವೆಂದು ತಿಳಿಯಬಾರದು. ಅದರೊಳಗಿನ ಕ್ರಮವನ್ನು ನೋಡಬೇಕು. ಉದ್ದೇಶ ಸ್ಪಷ್ಟವಾಗಿತ್ತು. ಕೆಲಸವನ್ನು ಸಂಗ್ರಹ, ಸಂಶೋಧನ, ಮುದ್ರಣ, ಪ್ರಸಾರ ಎಂಬ ಹಂತಗಳಾಗಿ ಒಡೆಯಲಾಗಿತ್ತು. ಹಣ ಬೇಕೆಂದಾಗ ಹಣದ ಸಂಸ್ಥೆ, ಓದುವವರು ಬೇಕೆಂದಾಗ ಶಾಲೆ, ಅಚ್ಚು ಬೇಕೆಂದಾಗ ಅಚ್ಚುಕೂಟ, ಜನರಿಗೆ ಮುಟ್ಟಿಸಬೇಕೆಂದಾಗ ಪತ್ರಿಕೆ, ಹೀಗೆ ಒಂದೊಂದು ಕೊರತೆಗೆ ಒಂದೊಂದು ಸಾಧನವನ್ನು ಹುಡುಕಲಾಗಿತ್ತು. ಇವುಗಳಲ್ಲಿ ಯಾವದನ್ನೂ ಅವರಿಗೆ ವಕೀಲಿ ಪರೀಕ್ಷೆಯಲ್ಲಿ ಕಲಿಸಿರಲಿಲ್ಲ. ಕೆಲಸವೇ ಅವರಿಗೆ ಗುರುವಾಯಿತು. ಹೀಗಿರುವಾಗ ಮುಂದಾಳುತನವು ಹುಟ್ಟುಗುಣವೇ ಎಂಬ ವಾದವು ನಿಲ್ಲಲಾರದು.

ಇಂಜಿನಿಯರರಲ್ಲಿಯೇ ದೃಷ್ಟಾಂತ ಬೇಕೆನ್ನುವವರಿಗೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿದ್ದಾರೆ. ಬಡತನದಲ್ಲಿ ಮನೆಪಾಠ ಹೇಳಿ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದು, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಖಾತೆಯನ್ನು ಸೇರಿದರು. ಖಾನದೇಶದಲ್ಲಿ ಪಾಂಜರಾ ನದಿಯ ಕಡೆಗೆ ಕೊಳವೆಯ ಸೈಫನ್ನು ಕಟ್ಟುವ ಕೆಲಸವು ಆ ತರುಣನ ಪಾಲಿಗೆ ಬಂದಿತು. ಮಳೆಗಾಲ ಹಿಡಿದು ಕೆಲಸ ಕಷ್ಟವಾದಾಗ ಅದನ್ನು ಮುಂದೂಡಲು ಅವರು ಬಯಸಿದರೆಂದೂ, ಮೇಲಧಿಕಾರಿ ಒಪ್ಪದಿರಲು ಹಿಡಿದ ಕೆಲಸವನ್ನು ಮುಗಿಸಿಯೇ ತೀರಿದರೆಂದೂ ಅವರ ನೆನಪುಗಳಿಂದ ತಿಳಿಯುವದು. ಮೊದಲಿಗನಾಗಿ ತೇರ್ಗಡೆಯಾದವನಿಗೂ ಉಸುಕು, ನೀರು, ಆಳು, ಅಧಿಕಾರಿ ಇವರೆಲ್ಲರ ನಡುವೆ ಕೆಲಸ ಸಾಗಿಸುವ ವಿದ್ಯೆಯನ್ನು ಮತ್ತೆ ಅ-ಆ ದಿಂದ ಕಲಿಯಬೇಕಾಯಿತೆಂಬದು ಇದರ ತಾತ್ಪರ್ಯ.

ಅವರದೇ ಇನ್ನೊಂದು ಕಾರ್ಯವನ್ನು ನೋಡಿರಿ. ಕೃಷ್ಣರಾಜಸಾಗರದ ಕೆಲಸವು 1911ರಲ್ಲಿ ಆರಂಭವಾಯಿತು. ಅವರು ದಿವಾನಗಿರಿಯನ್ನು ಬಿಟ್ಟದ್ದು 1918ರಲ್ಲಿ. ಕಟ್ಟೆ ಪೂರ್ಣವಾದದ್ದು 1931ರಲ್ಲಿ. ಆರಂಭಿಸಿದವರ ಅಧಿಕಾರ ಹೋದ ಮೇಲೂ ಹದಿಮೂರು ವರ್ಷ ಕೆಲಸ ನಡೆಯಿತು. ತಾನಿಲ್ಲದಾಗಲೂ ಕಾರ್ಯವು ನಿಲ್ಲದಂತೆ ನಕ್ಷೆ, ಲೆಕ್ಕ, ಕ್ರಮ, ಜನ ಇವುಗಳನ್ನು ಸಿದ್ಧಪಡಿಸಿ ಬಿಡುವವನೇ ನಿಜವಾದ ಮುಂದಾಳು. ತಾನು ಎದ್ದು ಹೋದ ಗಳಿಗೆಯಲ್ಲಿ ಎಲ್ಲವೂ ಕುಸಿಯುವಂತಿದ್ದರೆ ಆತನು ಜನರನ್ನು ತನಗೆ ಕಟ್ಟಿಕೊಂಡನೇ ಹೊರತು ಕೆಲಸಕ್ಕೆ ಕಟ್ಟಲಿಲ್ಲವೆಂದು ತಿಳಿಯತಕ್ಕದ್ದು.

“ಅವರು ಮಹಾಪುರುಷರು, ನಾವು ವಿದ್ಯಾರ್ಥಿಗಳು” ಎಂದು ಇಲ್ಲಿ ಕುಳಿತ ಹುಡುಗರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಆದ್ದರಿಂದ ವಿದ್ಯಾರ್ಥಿಗಳದೇ ಒಂದು ಉದಾಹರಣೆ ಕೊಡುತ್ತೇನೆ. 2010ನೆಯ ಇಸವಿ ಜುಲೈ 12ರಂದು ಶ್ರೀಹರಿಕೋಟೆಯಿಂದ ಹಾರಿದ ಪಿ.ಎಸ್.ಎಲ್.ವಿ. ಸಿ-15 ರಾಕೆಟ್ಟು ದೊಡ್ಡ ಉಪಗ್ರಹಗಳೊಂದಿಗೆ ಒಂದು ಕಿಲೋಗ್ರಾಮಿಗಿಂತಲೂ ಕಡಿಮೆ ತೂಕದ ಒಂದು ಪುಟ್ಟ ಉಪಗ್ರಹವನ್ನು ಹೊತ್ತೊಯ್ಯಿತು. ಅದರ ಹೆಸರು ಸ್ಟಡ್‌ಸ್ಯಾಟ್. ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಅದನ್ನು ಕಟ್ಟಿದರು. ಅದರ ಸಂಕೇತಗಳನ್ನು ಹಿಡಿಯುವ ಭೂಕೇಂದ್ರವು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಮಹಾವಿದ್ಯಾಲಯದಲ್ಲಿತ್ತು.

ಏಳು ಕಾಲೇಜುಗಳು, ಎರಡು ನಗರಗಳು, ಬೇರೆಬೇರೆ ಪರೀಕ್ಷೆಯ ದಿನಗಳು. ಒಬ್ಬರು ವಿದ್ಯುಚ್ಛಕ್ತಿಯ ಭಾಗ, ಒಬ್ಬರು ಛಾಯಾಗ್ರಹಣದ ಭಾಗ, ಒಬ್ಬರು ಸಂಪರ್ಕದ ಭಾಗ. ಒಂದು ಭಾಗವು ತೂಕದಲ್ಲಿ ಸ್ವಲ್ಪ ಹೆಚ್ಚಿದರೆ ಮತ್ತೊಂದು ಭಾಗ ಅಷ್ಟು ಇಳಿಯಬೇಕು. ಒಬ್ಬನು ತಡಮಾಡಿದರೆ ಆರು ಜನರು ಕಾಯಬೇಕು. ಮೇಲಾಗಿ ರಾಕೆಟ್ಟಿನ ಹಾರಾಟವೇ ಮೇ ತಿಂಗಳಲ್ಲಿ ಆಗಬೇಕಾದದ್ದು, ಅದರ ಎರಡನೆಯ ಹಂತದಲ್ಲಿ ಒತ್ತಡ ಕಡಿಮೆಯಾದದ್ದು ಕಂಡುಬಂದದ್ದರಿಂದ, ಜುಲೈಗೆ ಮುಂದೆ ಹೋಯಿತು. ತಮ್ಮ ಕೈಯಲ್ಲಿಲ್ಲದ ತಡವನ್ನು ತಾಳಿಕೊಳ್ಳುವದನ್ನೂ ಆ ಹುಡುಗ-ಹುಡುಗಿಯರು ಕಲಿಯಬೇಕಾಯಿತು. ಅವರು ಇಪ್ಪತ್ತರ ಆಚೀಚೆಯ ವಯಸ್ಸಿನವರು, ನಿಮ್ಮಂತೆಯೇ ಪರೀಕ್ಷೆಗೆ ಹೆದರುವವರು. ಅವರಿಂದ ಆದದ್ದು ನಿಮ್ಮಿಂದ ಆಗದೆಂದು ಹೇಳುವದಕ್ಕೆ ಆಧಾರವಿಲ್ಲ.

ಈಗ ನಿರ್ವಾಹದ ಒಂದು ಮುಖ್ಯ ಯುಕ್ತಿಯನ್ನು ಲೆಕ್ಕದೊಂದಿಗೆ ಹೇಳುತ್ತೇನೆ. 1957ರ ಸುಮಾರಿಗೆ ಅಮೇರಿಕೆಯ ಡ್ಯೂಪಾಂಟ್ ಕಾರಖಾನೆಯವರು ಇದನ್ನು ಕಂಡುಹಿಡಿದರು. ಮರುವರ್ಷ ಅಲ್ಲಿಯ ನೌಕಾಪಡೆಯು ಪೋಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ ಇಂಥದೇ ಮತ್ತೊಂದು ಕ್ರಮವನ್ನು ರೂಪಿಸಿತು. ಇದನ್ನು ನಾವು ನಿರ್ಣಾಯಕ ಪಥವೆಂದು ಕರೆಯೋಣ.

ನಮ್ಮ ಹಳ್ಳಿಯ ಶಾಲೆಗೆ ಮಳೆನೀರಿನ ತೊಟ್ಟಿಯನ್ನು ಕಟ್ಟಿಸಲು ಐದು ವಿದ್ಯಾರ್ಥಿಗಳು ಹೊರಟರೆಂದು ಭಾವಿಸಿರಿ. ಮಾಳಿಗೆಯನ್ನು ಅಳೆದು ನಕ್ಷೆ ಬರೆಯಲು 6 ದಿನ. ಆ ಮೇಲೆ ಪಂಚಾಯತಿಯ ಅಪ್ಪಣೆಗೆ 10 ದಿನ. ನಕ್ಷೆಯಾದ ಕೂಡಲೆ ಮತ್ತೊಬ್ಬರು ಕೊಳವೆ, ಜಲ್ಲಿ, ಇದ್ದಿಲುಗಳನ್ನು ಕೊಂಡುತರಲು 8 ದಿನ. ಅಪ್ಪಣೆ ಬಂದ ಮೇಲೆ ತೊಟ್ಟಿಯನ್ನು ಅಗಿದು ಕಟ್ಟಲು 12 ದಿನ. ಅಪ್ಪಣೆಯೂ ಬಂದು ಸಾಮಾನೂ ಬಂದ ಮೇಲೆ ಕೊಳವೆ ಜೋಡಿಸಲು 4 ದಿನ. ತೊಟ್ಟಿಯೂ ಕೊಳವೆಯೂ ಮುಗಿದ ಮೇಲೆ ಗಿಲಾವಿಗೆ ನೀರುಣಿಸಿ ಪರೀಕ್ಷಿಸಲು 9 ದಿನ. ಎಲ್ಲವನ್ನೂ ಕೂಡಿಸಿದರೆ 49 ದಿನವಾಗುವದು. ಆದರೆ ಕೆಲವು ಕೆಲಸಗಳು ಏಕಕಾಲಕ್ಕೆ ನಡೆಯುವದರಿಂದ ಅಷ್ಟು ಬೇಕಾಗಿಲ್ಲ. ನಕ್ಷೆ, ಅಪ್ಪಣೆ, ತೊಟ್ಟಿ, ಪರೀಕ್ಷೆ ಎಂಬ ಹಾದಿಯಲ್ಲಿ ಹೋದರೆ 37 ದಿನ. ನಕ್ಷೆ, ಸಾಮಾನು, ಜೋಡಣೆ, ಪರೀಕ್ಷೆ ಎಂಬ ಹಾದಿಯಲ್ಲಿ 27 ದಿನ. ನಕ್ಷೆ, ಅಪ್ಪಣೆ, ಜೋಡಣೆ, ಪರೀಕ್ಷೆ ಎಂಬ ಹಾದಿಯಲ್ಲಿ 29 ದಿನ. ಎಲ್ಲಕ್ಕಿಂತ ಉದ್ದವಾದ ಹಾದಿಯೇ ನಿರ್ಣಾಯಕ ಪಥ. ಆದ್ದರಿಂದ 37 ದಿನಗಳಿಗಿಂತ ಮೊದಲು ಈ ಕೆಲಸ ಮುಗಿಯಲಾರದು.

ಇದರಿಂದ ಏನು ತಿಳಿಯಿತು? ಸಾಮಾನು ತರುವದು 10 ದಿನ ತಡವಾದರೂ ಒಟ್ಟು ಕೆಲಸಕ್ಕೆ ಕೇಡಿಲ್ಲ. ಪಂಚಾಯತಿಯ ಅಪ್ಪಣೆ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡವಾಗುವದು. ಹೀಗಿರಲು ತಂಡದ ಮುಂದಾಳು ಕೊಳವೆಯ ಅಂಗಡಿಯಲ್ಲಿ ನಿಂತು ಹತ್ತು ರೂಪಾಯಿಗಾಗಿ ಜಗ್ಗಾಡುತ್ತ ಕುಳಿತರೆ ಅದು ಶ್ರಮವಾದೀತು, ನಿರ್ವಾಹವಾಗಲಾರದು. ಆತನ ಸ್ಥಾನ ಪಂಚಾಯತಿಯ ಕಟ್ಟೆಯ ಮೇಲೆ. ಎಲ್ಲಿ ತಡವಾದರೆ ಎಲ್ಲವೂ ತಡವಾಗುವದೋ ಅಲ್ಲಿ ತನ್ನ ಗಮನವನ್ನಿಡುವದು, ಎಲ್ಲಿ ಬಿಡುವಿದೆಯೋ ಅಲ್ಲಿಯ ಗೆಳೆಯರನ್ನು ಸುಮ್ಮನೆ ಅವಸರಪಡಿಸದಿರುವದು, ಇವೆರಡೂ ಈ ಒಂದು ಲೆಕ್ಕದಿಂದ ದೊರೆಯುವ ವಿವೇಕ. ಅನೇಕ ಜಗಳಗಳು ಈ ವಿವೇಕದ ಅಭಾವದಿಂದಲೇ ಹುಟ್ಟುತ್ತವೆ.

ಕಲಿಯುವದೆಲ್ಲಿ? ಅದಕ್ಕೆ ಎಡೆಗಳು ಹೊಸದಾಗಿ ಬೇಕಾಗಿಲ್ಲ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಯೋಜನಾಕಾರ್ಯವುಂಟು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರ ಸುಮಾರಿಗೆ, ವಿದ್ಯಾರ್ಥಿಯು ಸಮಾಜದ ನಡುವೆ ಕೆಲಸಮಾಡಿ 100 ಅಂಕಗಳನ್ನು ಗಳಿಸಬೇಕೆಂಬ ಕ್ರಮವನ್ನು ತಂದಿತು. 1969ರಿಂದ ರಾಷ್ಟ್ರೀಯ ಸೇವಾ ಯೋಜನೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಕೊನೆಯ ವರ್ಷದ ವಿದ್ಯಾರ್ಥಿಗಳ ಯೋಗ್ಯ ಯೋಜನೆಗಳಿಗೆ ಧನಸಹಾಯ ಮಾಡುತ್ತ ಬಂದಿದೆ. ಇವೆಲ್ಲಕ್ಕಿಂತ ಹತ್ತಿರದಲ್ಲಿ ಪ್ರಸಾದನಿಲಯದ ಅಡಿಗೆಮನೆಯುಂಟು, ಊರ ಜಾತ್ರೆಯುಂಟು. ಐದು ಸಾವಿರ ಜನಕ್ಕೆ ಎಷ್ಟು ಜೋಳ, ಎಷ್ಟು ಬೇಳೆ, ಎಷ್ಟು ನೀರು, ಎಷ್ಟು ಒಲೆ, ಬಡಿಸುವವರ ಎಷ್ಟು ಸರತಿ ಎಂಬದನ್ನು ಮುಂಚಿತವಾಗಿ ಬರೆದು, ಆದ ಮೇಲೆ ಲೆಕ್ಕ ತಾಳೆನೋಡಿದ ಹುಡುಗನು ಪುಸ್ತಕದ ಒಂದು ಅಧ್ಯಾಯಕ್ಕಿಂತ ಹೆಚ್ಚು ಕಲಿತಿರುತ್ತಾನೆ. ನಮ್ಮ ಪಾಠಶಾಲೆಯಲ್ಲಿಯೂ ಹಿರಿಯ ವಿದ್ಯಾರ್ಥಿಯು ಕಿರಿಯರಿಗೆ ಪಾಠ ಒಪ್ಪಿಸಿಕೊಳ್ಳುವ ಕ್ರಮವಿತ್ತು. ಕಿರಿಯನು ತಪ್ಪಿದರೆ ಗುರುಗಳು ಮೊದಲು ನೋಡುತ್ತಿದ್ದದ್ದು ಹಿರಿಯನ ಮುಖವನ್ನು. ಹೊಣೆ ಎಂಬ ಶಬ್ದದ ಅರ್ಥವು ನಮಗೆ ಆಗ ತಿಳಿಯುತ್ತಿತ್ತು.

ಇಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ಬಿಡಲಾರೆ. ಕೊನೆಯ ವರ್ಷದ ಯೋಜನಾಕಾರ್ಯವನ್ನು ಪಟ್ಟಣದ ಅಂಗಡಿಗಳಲ್ಲಿ ಹಣ ಕೊಟ್ಟು ಸಿದ್ಧವಾಗಿ ಕೊಂಡುತರುವ ಪದ್ಧತಿಯುಂಟೆಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಕಟ್ಟುವದನ್ನು ಕಲಿಯುವದಕ್ಕಾಗಿ ಕೊಟ್ಟ ಒಂದೇ ಒಂದು ಅವಕಾಶವನ್ನು ಹೀಗೆ ಮಾರಿಕೊಂಡವನಿಗೆ ಅಂಕ ದೊರೆಯುವದು, ಅನುಭವ ದೊರೆಯದು. ಕೆಟ್ಟುಹೋದ ಸ್ವಂತ ಯಂತ್ರವೊಂದು ಓಡುವ ಕೊಂಡ ಯಂತ್ರಕ್ಕಿಂತ ವಿದ್ಯಾರ್ಥಿಗೆ ಹೆಚ್ಚು ಉಪಕಾರಿ. ಯಾಕೆಂದರೆ ಅದು ಯಾತಕ್ಕೆ ಕೆಟ್ಟಿತೆಂಬದನ್ನು ಆತನು ಹೇಳಬಲ್ಲನು.

ಇನ್ನೊಂದು ಮಾತು. ನಾಲ್ಕೈದು ಜನರ ತಂಡದಲ್ಲಿ ಹುಡುಗಿಯರಿದ್ದರೆ ಅವರಿಗೆ ವರದಿ ಬರೆಯುವ ಕೆಲಸವನ್ನು ಕೊಟ್ಟು, ಮುಂದಾಳುತನವನ್ನು ಹುಡುಗರು ಇಟ್ಟುಕೊಳ್ಳುವ ರೂಢಿ ಅನೇಕ ಕಡೆ ಇದೆ. ಅನುಭವಮಂಟಪದ ಹೆಸರನ್ನು ಹೇಳುವ ನಮಗೆ ಇದು ಶೋಭಿಸದು. ಮನೆಯ ಒಳಗಿನ ಕಾರಭಾರವನ್ನು ಬರಗಾಲದಲ್ಲಿಯೂ ತೂಗಿಸಿಕೊಂಡು ಬಂದ ತಾಯಂದಿರ ಹೆಣ್ಣುಮಕ್ಕಳಿಗೆ ನಿರ್ವಾಹದ ವಿದ್ಯೆ ಹೊಸದಲ್ಲ. ಒಂದು ಸಲ ಅವರು, ಒಂದು ಸಲ ಇವರು ಮುಂದಾಳಾಗಲಿ. ಹಿಂಬಾಲಿಸುವದನ್ನು ಕಲಿಯದವನು ಮುನ್ನಡೆಸುವದನ್ನೂ ಕಲಿಯಲಾರನು.

ಕೊನೆಗೆ, ಈ ವಿದ್ಯೆಯೆಲ್ಲವೂ ಯಾರಿಗಾಗಿ ಎಂಬ ಪ್ರಶ್ನೆ ಉಳಿಯುವದು. ಅದಕ್ಕೆ ಉತ್ತರವು ನಮ್ಮ ಜಿಲ್ಲೆಯ ಆಲಮಟ್ಟಿಯಲ್ಲಿದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಲ್ಲಿ ಅಡಿಗಲ್ಲನ್ನಿಟ್ಟರು. ರಾಜ್ಯರಾಜ್ಯಗಳ ವ್ಯಾಜ್ಯ, ನ್ಯಾಯಮಂಡಳಿ, ಹಣದ ಅಭಾವ ಇವುಗಳ ನಡುವೆ ದಶಕಗಳು ಸಂದವು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರ್ ಎತ್ತರಕ್ಕೆ ಸಮ್ಮತಿ ನೀಡಿತು. ನೀರು ನಿಂತಿತು, ಒಣನೆಲಕ್ಕೆ ಆಸೆ ಬಂದಿತು. ಅದೇ ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಹಳೆಯ ಬಾಗಲಕೋಟೆಯ ಭಾಗವೂ ಮುಳುಗಿ ನವನಗರವು ಎದ್ದಿತು. ಅಜ್ಜ-ಮುತ್ತಜ್ಜರ ಗದ್ದುಗೆ-ಗೋರಿಗಳನ್ನು ನೀರಿಗೆ ಬಿಟ್ಟು ಬಂದವರು ನಮ್ಮ ನೆಂಟರಲ್ಲಿಯೇ ಇದ್ದಾರೆ. ನಕ್ಷೆಯ ಮೇಲೆ ಒಂದು ನೀಲಿ ಗೆರೆಯನ್ನು ಎಳೆಯುವ ಇಂಜಿನಿಯರನು ಎಷ್ಟು ಒಲೆಗಳ ಮೇಲೆ ಆ ಗೆರೆ ಹಾದುಹೋಗುವದೆಂಬದನ್ನು ಎಣಿಸಬೇಕು. ಅವರಿಗೆ ಮನೆ, ಹೊಲ, ಶಾಲೆಗಳು ಯಾವಾಗ ದೊರೆಯಬೇಕೆಂಬದೂ ಆ ನಿರ್ಣಾಯಕ ಪಥದಲ್ಲಿಯೇ ಸೇರಿರಬೇಕು. ಅದನ್ನು ಬಿಡುವಿರುವ ಕೆಲಸವೆಂದು ಬದಿಗೆ ಸರಿಸಬಾರದು. ಹಾಗೆಯೇ ಕಾಲುವೆಯ ಕೆಲಸವು ಬಾಗಿಲು ತೆರೆದ ದಿನ ಮುಗಿಯಲಿಲ್ಲ. ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿದ ದಿನ ಮುಗಿಯಿತು.

ವಿದ್ಯಾರ್ಥಿಗಳೇ, ಮುಂದಿನ ಸೂಟಿಯಲ್ಲಿ ನಿಮ್ಮ ನಿಮ್ಮ ಊರಲ್ಲಿ ಒಂದು ಸಣ್ಣ ಕೆಲಸವನ್ನು ಹಿಡಿಯಿರಿ. ಶಾಲೆಯ ತೊಟ್ಟಿಯಾಗಲಿ, ಬಾವಿಯ ಹೂಳಾಗಲಿ, ಬೀದಿಯ ದೀಪವಾಗಲಿ, ಯಾವದಾದರೂ ಸರಿ. ಏನು, ಯಾವಾಗ, ಎಷ್ಟರಲ್ಲಿ, ಯಾರಿಂದ ಎಂಬದನ್ನು ಒಂದು ಕಾಗದದಲ್ಲಿ ಬರೆಯಿರಿ. ಮುಗಿದ ಮೇಲೆ ಬರೆದದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಊರವರ ಮುಂದೆ ಓದಿರಿ. ತಂದೆ-ತಾಯಿಗಳೇ, ಆ ದಿನ ಮಕ್ಕಳನ್ನು “ಎಷ್ಟು ಅಂಕ ಬಂದಿತು” ಎಂದು ಕೇಳುವ ಮೊದಲು “ಏನು ಮುಗಿಸಿದಿರಿ” ಎಂದು ಕೇಳಿರಿ. ಶ್ರೀಮಠದ ಕಾರ್ಯಕರ್ತರು ಅಂಥ ತಂಡಗಳಿಗೆ ಜಾತ್ರೆಯ ಒಂದೊಂದು ವಿಭಾಗವನ್ನು ನಂಬಿ ಒಪ್ಪಿಸಲಿ, ಲೆಕ್ಕವನ್ನೂ ಕೇಳಲಿ.